ಸಟ್ಟಾ ವ್ಯಾಪಾರವೂ ಕಾಯಕಧರ್ಮವೂ

ಶರಣಧರ್ಮದಲ್ಲಿ ವ್ಯಾಪಾರವು ನಿಂದ್ಯವಲ್ಲ. ಉಳುವವನು, ನೇಯುವವನು, ಗಾಣ ತಿರುಗಿಸುವವನು, ಮಾರುವವನು, ಇವರೆಲ್ಲರಿಗೂ ಕಲ್ಯಾಣದಲ್ಲಿ ಸಮಾನವಾದ ಸ್ಥಾನವಿತ್ತು. ಕೈಗೆ ಬಂದ ಹಣದ ಹಿಂದೆ ಕಾಯಕವಿದೆಯೇ, ಮುಂದೆ ದಾಸೋಹವಿದೆಯೇ ಎಂಬುದೇ ಶರಣರ ಪರೀಕ್ಷೆ. ಇವೆರಡೂ ಇಲ್ಲದ ಸಂಪಾದನೆಯು ಎಷ್ಟು ದೊಡ್ಡದಾದರೂ ಲಿಂಗಾರ್ಪಿತವಾಗಲಾರದು.

ಇಂದಿನ ಸಟ್ಟಾ ವ್ಯಾಪಾರವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಮುಂದೆ ಕೊಡತಕ್ಕ ಮಾಲಿಗೆ ಇಂದೇ ದರ ಗೊತ್ತುಮಾಡಿಕೊಳ್ಳುವುದು ವಾಯಿದೆ ವ್ಯಾಪಾರ. ಬೆಲೆ ಕುಸಿದೀತೆಂದು ಬೆಳೆದವನೂ, ಏರೀತೆಂದು ಗಿರಣಿಯವನೂ ಅದನ್ನು ಆಶ್ರಯಿಸಿದರೆ ದೋಷವಿಲ್ಲ. ಆದರೆ ಮಾಲನ್ನು ಕೊಡುವ ಮನಸ್ಸೂ ಕೊಳ್ಳುವ ಮನಸ್ಸೂ ಇಲ್ಲದೆ, ದರದ ಏರಿಳಿತದ ಮೇಲೆ ಮಾತ್ರ ಪಣ ಕಟ್ಟುವುದು ಜೂಜೇ ಸರಿ.

ಕಚ್ಚಾ ತೈಲವು 2008ರ ಜುಲೈಯಲ್ಲಿ ಪೀಪಾಯಿಗೆ 147 ಡಾಲರು ಮುಟ್ಟಿ, ಅದೇ ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಗಿಳಿಯಿತು. ಜಗತ್ತಿನ ಆರ್ಥಿಕ ಕುಸಿತವೂ ಇದಕ್ಕೆ ಕಾರಣ. ಸಟ್ಟಾದವರ ಪಾಲೆಷ್ಟೆಂಬುದರಲ್ಲಿ ಪಂಡಿತರಿಗೆ ಭಿನ್ನಮತವಿದೆ. 2020ರ ಏಪ್ರಿಲ್ 20ರಂದು ಅಮೆರಿಕದ ವಾಯಿದೆ ಪೇಟೆಯಲ್ಲಿ ತೈಲದ ದರವು ಸೊನ್ನೆಗಿಂತಲೂ 37 ಡಾಲರು ಕೆಳಗೆ ಹೋಯಿತು. ಕಾಗದದ ಮೇಲೆ ಎಣ್ಣೆ ಕೊಂಡಿದ್ದವರಲ್ಲಿ ಅನೇಕರಿಗೆ ಅದನ್ನು ಇಳಿಸಿಕೊಳ್ಳಲು ಸ್ಥಳವೇ ಇರಲಿಲ್ಲ. ಅವರಿಗೆ ಬೇಕಾದುದು ಎಣ್ಣೆಯಲ್ಲ, ಲಾಭ ಮಾತ್ರ.

ಭಾರತವು ತನಗೆ ಬೇಕಾದ ತೈಲದ ಬಹುಭಾಗವನ್ನು ಹೊರದೇಶಗಳಿಂದ ತರಿಸುತ್ತದೆ. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಸರ್ಕಾರಿ ನಿಯಂತ್ರಣ ತೆಗೆದ ಮೇಲೆ, ಆ ದೂರದ ಪೇಟೆಯ ಅಲೆಗೆ ಯಾದಗಿರಿ, ಶಹಾಪುರ, ಸುರಪುರಗಳ ಹೊಲದವರೆಗೆ ದಾರಿ ತೆರೆಯಿತು. ತೆರಿಗೆಗಳ ಭಾರವೂ ಅದರೊಡನೆ ಕೂಡಿತು. ಟ್ರ್ಯಾಕ್ಟರಿನ ಬಾಡಿಗೆ, ಹತ್ತಿ ತೊಗರಿ ಸಾಗಿಸುವ ಲಾರಿಯ ಬಾಡಿಗೆ, ಇವೆಲ್ಲವೂ ಆ ದರವನ್ನೇ ಹಿಂಬಾಲಿಸುತ್ತವೆ. ದುಡಿಯಲು ಬೆಂಗಳೂರಿಗೆ ಗುಳೆ ಹೋಗುವ ಬಡವನು ಪೀಪಾಯಿಯನ್ನು ಕಂಡವನಲ್ಲ. ಆದರೂ ಅದರ ಬೆಲೆಯನ್ನು ತನ್ನ ಕೂಲಿಯಿಂದ ತೆರುತ್ತಾನೆ.

ಎಣ್ಣೆಯ ಪೇಟೆ ದೂರದ್ದು. ತೊಗರಿಯ ಪೇಟೆ ಮನೆಯ ಮುಂದಿನದು. ಕೇಂದ್ರ ಸರ್ಕಾರವು 2007ರ ಜನವರಿಯಲ್ಲಿ ತೊಗರಿ, ಉದ್ದುಗಳ ವಾಯಿದೆ ವ್ಯಾಪಾರವನ್ನು ನಿಲ್ಲಿಸಿತು. ವಾಯಿದೆಯಿಂದಲೇ ಬೆಲೆ ಏರಿತೆಂದು ನಿಶ್ಚಯವಾಗಿ ಹೇಳಲಾಗದೆಂದು ಅಭಿಜಿತ್ ಸೇನ್ ಸಮಿತಿಯು 2008ರಲ್ಲಿ ವರದಿಮಾಡಿತು. 2024ರ ಜೂನ್‌ನಲ್ಲಿ ತೊಗರಿ, ಕಡಲೆಗಳ ದಾಸ್ತಾನಿಗೆ ಸರ್ಕಾರ ಆ ಸೆಪ್ಟೆಂಬರ್ ಅಂತ್ಯದವರೆಗೆ ಮಿತಿ ಹಾಕಿತು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಮಿತಿ ಬಿದ್ದುದು ವರ್ತಕರಿಗೆ, ಗಿರಣಿಗಳಿಗೆ, ಬೆಳೆದವನ ಕಣಜಕ್ಕಲ್ಲ. ಆದರೂ ಮಿತಿಯ ನೆಪದಿಂದ ಸುಗ್ಗಿಯಲ್ಲಿ ರೈತನ ದರವನ್ನು ಮುರಿದರೆ ಅದೂ ಅಧರ್ಮವೇ.

ಹೀಗೆ ಕಾನೂನಿನ ಮಿತಿ ಇಂದು ಬರುವುದು, ನಾಳೆ ಹೋಗುವುದು. ಭಕ್ತನ ಮಿತಿ ಅವನ ಅಂತರಂಗದಲ್ಲಿರಬೇಕು. ಸುರಪುರದಿಂದ ಕೃಷ್ಣೆಯಾಚೆ, ಲಿಂಗಸುಗೂರಿನ ಸೀಮೆಯ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಅದು ಕದ್ದುದಲ್ಲ, ಯಾರನ್ನೂ ವಂಚಿಸಿ ತಂದುದೂ ಅಲ್ಲ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಮಹಾಶರಣೆಯ ಮನೆಗೆ ದಾಸ್ತಾನಿನ ಮಿತಿಯನ್ನು ಯಾವ ಅಧಿಕಾರಿಯೂ ಬಂದು ವಿಧಿಸಬೇಕಾಗಿರಲಿಲ್ಲ.

ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ಕಥೆಯೂ ಇದನ್ನೇ ಸಾರುತ್ತದೆ. ತಾನು ನೇಯ್ದ ವಸ್ತ್ರವನ್ನು ಮಾರದೆ ಬೇಡಿದ ಜಂಗಮನಿಗೆ ಕೊಟ್ಟವನಿಗೆ ತವನಿಧಿ ದೊರೆಯಿತೆಂದು ಪುರಾಣ ಹೇಳುತ್ತದೆ. ಬೀಗ ಹಾಕಿದುದರಿಂದ ಆ ನಿಧಿ ಉಳಿಯಲಿಲ್ಲ, ನೀಡಿದುದರಿಂದ ಉಳಿಯಿತು.

ಆದುದರಿಂದ ಅಡತಿ ಅಂಗಡಿಯ ಸದ್ಭಕ್ತನು ಗಲ್ಲೆಯ ಮುಂದೆ ವಿಭೂತಿ ಧರಿಸಿ ಕುಳಿತಾಗ ತನ್ನನ್ನು ತಾನು ಕೇಳಿಕೊಳ್ಳಬೇಕು: ಈ ಚೀಲಗಳನ್ನು ಮಾರುವುದಕ್ಕೆ ಇಟ್ಟೆನೋ, ಹಸಿವು ಹೆಚ್ಚಲೆಂದು ಇಟ್ಟೆನೋ? ಸಟ್ಟಾದಲ್ಲಿ ಹಣ ಹೂಡುವ ಗೃಹಸ್ಥನೂ ಹಾಗೆಯೇ ಕೇಳಿಕೊಳ್ಳಲಿ. ನೆರೆಯವನ ಒಲೆ ಆರಿದಾಗ ಹುಟ್ಟಿದ ಲಾಭದಿಂದ ಮಾಡಿದ ದಾಸೋಹವು ದಾಸೋಹವಲ್ಲ. ಮಿತಿಯನ್ನು ಬೇಡುವ ಕಾನೂನಿಗೆ ಬೆಂಬಲ ಕೊಡುವುದು ನಾಗರಿಕನ ಕರ್ತವ್ಯ. ಕಾನೂನಿಲ್ಲದಾಗಲೂ ಮಿತಿಯಲ್ಲಿರುವುದು ಶರಣನ ವ್ರತ. ಈ ವ್ರತ ಮನೆಮನೆಯಲ್ಲಿ ನೆಲೆಸಲಿ.