ಪರೀಕ್ಷೆಯ ಕಾಲದಲ್ಲಿ ಪರ್ವ

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಶಿವಮೊಗ್ಗ ನಗರದ ಸೇಕ್ರೆಡ್ ಹಾರ್ಟ್ ಪ್ರಧಾನ ದೇವಾಲಯದಲ್ಲಿಯೂ ಭದ್ರಾವತಿಯ ಇಗರ್ಜಿಗಳಲ್ಲಿಯೂ ಕ್ರಿಸ್ತಜಯಂತಿಯ ದೀಪಗಳು ಬೆಳಗುತ್ತವೆ. ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಭದ್ರಾವತಿಯಲ್ಲಿ ನಾನಾ ಮತ, ನಾನಾ ಭಾಷೆಗಳ ಜನರು ದುಡಿಮೆಗೆಂದು ಬಂದು ನೆಲೆಸಿದರು. 1988ರಲ್ಲಿ ಶಿವಮೊಗ್ಗವು ಪ್ರತ್ಯೇಕ ಕ್ರೈಸ್ತ ಧರ್ಮಪ್ರಾಂತ್ಯವಾಯಿತು. ಆದರೆ ಸೆಮಿಸ್ಟರ್ ಪರೀಕ್ಷೆ ಹತ್ತಿರವಾದಾಗ ಆ ಮನೆಗಳಲ್ಲಿಯೂ, "ಈ ವರ್ಷ ಹಬ್ಬ ಬೇಡ, ಮೊದಲು ಓದು" ಎಂಬ ಮಾತು ಹುಟ್ಟುವುದುಂಟು.

ಈ ಮಾತು ಶ್ರಾವಕರ ಮನೆಗಳಿಗೂ ಹೊಸದಲ್ಲ. ಚೈತ್ರ ಶುಕ್ಲ ತ್ರಯೋದಶಿಯ ಮಹಾವೀರ ಜಯಂತಿಯು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಋತುವಿನಲ್ಲಿಯೇ ಬರುತ್ತದೆ. ಆದುದರಿಂದ ನೆರೆಯವರ ಪ್ರಶ್ನೆಯೇ ನಮ್ಮ ಪ್ರಶ್ನೆಯೂ ಹೌದು: ಪರೀಕ್ಷೆಗಾಗಿ ಪರ್ವವನ್ನು ಬಿಡುವುದು ಯುಕ್ತವೇ?

ಸ್ವಾಧ್ಯಾಯವೂ ಆಭ್ಯಂತರ ತಪಸ್ಸುಗಳಲ್ಲೊಂದು. ಹೀಗಿರಲು ಓದುವ ಮಗುವೇ ಪರ್ವವನ್ನು ಆಚರಿಸಿದಂತಲ್ಲವೇ ಎಂದು ಕೆಲವರು ಕೇಳಬಹುದು. ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಸ್ವಾಧ್ಯಾಯವು ಆತ್ಮಶುದ್ಧಿಗಾಗಿ ಮಾಡುವ ಶಾಸ್ತ್ರಾಭ್ಯಾಸ. ಶಾಲೆಯ ಓದು ಅದಕ್ಕೆ ಸಮೀಪವಾಗುವುದು ಜಿಜ್ಞಾಸೆಯಿಂದ, ವಿನಯದಿಂದ ಓದಿದಾಗ ಮಾತ್ರ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳಿದ್ದಾರೆ. ಅನಿಷ್ಟವು ಒದಗಿದಾಗ ಅದು ತೊಲಗಲೆಂಬ ಚಿಂತೆ, ಇಷ್ಟವಾದುದು ಅಗಲಿದಾಗ ಅದಕ್ಕಾಗಿ ಹಂಬಲ, ವೇದನೆಯ ಚಿಂತೆ, ಮುಂದಿನ ಭೋಗವನ್ನು ಬಯಸುವ ನಿದಾನ ಇವೇ ಆ ನಾಲ್ಕು. ರ‍್ಯಾಂಕಿಗಾಗಿ ನಿದ್ದೆಗೆಟ್ಟು ನಡುಗುವ ಮಗುವಿನ ಮನಸ್ಸಿನಲ್ಲಿ ಇವುಗಳ ನೆರಳಿಲ್ಲವೇ? ಆ ಭಯವನ್ನು ಬಿತ್ತಿದವರು ಬಹುಪಾಲು ಹಿರಿಯರೇ.

ಯೇಸುವಿನ ಜನನದ ಕಥೆಯಲ್ಲಿ ತುಂಬುಗರ್ಭಿಣಿಗೆ ಛತ್ರದಲ್ಲಿ ಸ್ಥಳ ದೊರೆಯದೆ ಶಿಶುವನ್ನು ಗೋದಲಿಯಲ್ಲಿ ಮಲಗಿಸಬೇಕಾಯಿತು. ಪರೀಕ್ಷೆಯೊಂದೇ ಮನದ ಕೋಣೆಗಳನ್ನೆಲ್ಲ ತುಂಬಿದಾಗ ಕರುಣೆಗೂ ಕ್ಷಮೆಗೂ ಸ್ಥಳವಿಲ್ಲವಾಗುತ್ತದೆ. ಹೊಸ ಬಟ್ಟೆ, ಭಕ್ಷ್ಯ, ಮೆರವಣಿಗೆಗಳು ಪರ್ವದ ಸಿಪ್ಪೆ. ಅವನ್ನು ಮುಂದೂಡಿದರೆ ಹಾನಿಯಿಲ್ಲ. ತಿರುಳನ್ನು ಮುಂದೂಡಲಾಗದು. ಸಾಮಾಯಿಕಕ್ಕೆ ಬೇಕಾದುದು 48 ನಿಮಿಷಗಳು ಮಾತ್ರ. ಅಷ್ಟು ಸಮತೆಯನ್ನು ಪಡೆದ ಮನಸ್ಸು ಮರಳಿ ಪುಸ್ತಕ ಹಿಡಿದಾಗ ಹಗುರವಾಗಿರುತ್ತದೆ.

ಇಲ್ಲಿ ಬಸದಿಯ ಆಡಳಿತ ಮಂಡಳಿಗಳ ಕರ್ತವ್ಯವೂ ಇದೆ. ಪರೀಕ್ಷಾ ದಿನಗಳಲ್ಲಿ ಧ್ವನಿವರ್ಧಕವನ್ನು ತಗ್ಗಿಸುವುದು ಅಹಿಂಸೆಯೇ. ಸಭಾಭವನವನ್ನು ಸಂಜೆಯ ಹೊತ್ತು ಓದುವವರಿಗೆ ತೆರೆದಿಡುವುದು, ಹಳೆಯ ಪಠ್ಯಪುಸ್ತಕಗಳನ್ನು ಸಂಗ್ರಹಿಸಿ ಬಡ ಮಕ್ಕಳಿಗೆ ಕೊಡುವುದು ಶಾಸ್ತ್ರದಾನದ ಇಂದಿನ ರೂಪ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ನಾಡಿನಲ್ಲಿ ಇದು ಕಷ್ಟದ ಕೆಲಸವಲ್ಲ. ಆ ಬಾಗಿಲು ಕ್ರೈಸ್ತ ಮಕ್ಕಳಿಗೂ ತೆರೆದಿರಲಿ. ಡಿಸೆಂಬರಿನಲ್ಲಿ ಅವರ ಹಬ್ಬಕ್ಕೆ ನಾವು ಕೊಡಬಹುದಾದ ಉಡುಗೊರೆ ಅದು.

2024ರಲ್ಲಿ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು. ಎಡವಿದವನಿಗೆ ಸರಕಾರವೇ ಮತ್ತೆ ಅವಕಾಶ ಕೊಡುತ್ತಿರುವಾಗ ತಂದೆತಾಯಿಗಳು ಒಂದನ್ನೂ ಕೊಡದಿರುವುದು ಧರ್ಮವೇ? ಅಂಕಪಟ್ಟಿ ಬಂದ ದಿನ ಮಗುವಿನೊಡನೆ ಆಡುವ ಮೊದಲ ಮಾತಿನಲ್ಲಿ ಉತ್ತಮ ಕ್ಷಮೆ ಇದೆಯೇ ಇಲ್ಲವೇ ಎಂಬುದೇ ಹಿರಿಯರ ಪರೀಕ್ಷೆ.