ಮರೆತವರಿಗೆ ಕೊಟ್ಟ ಮಾತು

'ಅರವತ್ತಕ್ಕೆ ಅರಳು ಮರಳು' ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿನಲ್ಲಿ ನಗೆಯಿದೆ, ಸಹನೆಯೂ ಇದೆ. ಆದರೆ ಅದರಿಂದ ಒಂದು ಕೇಡೂ ಆಗಿದೆ. ವಯಸ್ಸಾದವರ ಮರೆವೆಲ್ಲವೂ ವಯೋಧರ್ಮವೇ ಎಂದು ಬಗೆದು ನಾವು ಸುಮ್ಮನಿದ್ದುಬಿಡುತ್ತೇವೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯೋಧರ್ಮ. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳುವುದು ರೋಗ. 1906ರಲ್ಲಿ ಜರ್ಮನಿಯ ವೈದ್ಯನಾದ ಅಲೋಯಿಸ್ ಆಲ್ಜೈಮರ್ ಎಂಬವನು ಇಂತಹ ರೋಗದಿಂದ ತೀರಿಕೊಂಡ ಒಬ್ಬ ಹೆಣ್ಣುಮಗಳ ಮೆದುಳನ್ನು ಪರೀಕ್ಷಿಸಿ, ಅದು ಸವೆದುಹೋದುದನ್ನೂ ಅದರಲ್ಲಿ ಅಸಹಜ ಗಂಟುಗಳು ಕಟ್ಟಿದ್ದುದನ್ನೂ ವಿದ್ವಾಂಸರ ಮುಂದಿಟ್ಟನು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾ ಎನ್ನಿಸಿಕೊಳ್ಳುವ ಈ ಮರೆವಿನ ರೋಗದಲ್ಲಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚೆಂದೂ ಅದು ಹೇಳುತ್ತದೆ.

ಅಂಕಿಗಳನ್ನು ಬದಿಗಿಟ್ಟು, ವಾಚಕ ಬಂಧುಗಳೇ, ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಕೃಷ್ಣೆ-ತುಂಗಭದ್ರೆಯರ ನಡುವಣ ನಮ್ಮ ಎಡೆದೊರೆ ನಾಡಿನಲ್ಲಿ ಅಂತಹ ಮನೆಯನ್ನು ಹುಡುಕಲು ಬಹುದೂರ ಹೋಗಬೇಕಾದುದಿಲ್ಲ. ದೇವದುರ್ಗದಲ್ಲಿ ಹಿರಿಯರ ಕಾಲದ ಮನೆ. ಅಲ್ಲಿ ನಡುವಣ ಮಗನಿದ್ದಾನೆ. ಕಿರಿಯನು ಮಾನ್ವಿಯ ಹತ್ತಿರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಾನೆ. ಹಿರಿಯನಾದ ನೀವು ರಾಯಚೂರಿನ ಗಂಜಿನಲ್ಲಿ ಅಡತಿ ಅಂಗಡಿ ಇಟ್ಟಿದ್ದೀರಿ. ತಂದೆಯವರು ಲಿಂಗೈಕ್ಯರಾದ ಮೇಲೆ ಮೂವರೂ ಕೂಡಿ ತಾಯಿಗೆ ಪಾಳಿ ಹಚ್ಚಿದಿರಿ: ಒಂದು ತಿಂಗಳು ರಾಯಚೂರು, ಒಂದು ತಿಂಗಳು ದೇವದುರ್ಗ, ಒಂದು ತಿಂಗಳು ಮಾನ್ವಿ. ಯಾರಿಗೂ ಭಾರವಾಗಲಿಲ್ಲ, ಊರವರೂ ಮೆಚ್ಚಿದರು. ಅಂದು ತಾಯಿ ಒಂದೇ ಮಾತು ಕೇಳಿದಳು: "ಎಲ್ಲಿ ಬೇಕಾದರ ಇಡ್ರಪ್ಪಾ, ಪರರ ಕೈಯಾಗ ಮಾತ್ರ ನನ್ನ ಬಿಡಬ್ಯಾಡ್ರಿ." ನೀವು ಆಕೆಯ ಪಾದ ಮುಟ್ಟಿ ಮಾತು ಕೊಟ್ಟಿರಿ.

ಈಗ ಆ ತಾಯಿಗೆ ಮರೆವಿನ ರೋಗ ಬಂದಿದೆ. ಈ ರೋಗದಲ್ಲಿ ಹೊಸದಾಗಿ ಕಲಿತದ್ದು ಮೊದಲು ಹೋಗುತ್ತದೆ, ಹಳೆಯದು ಕೊನೆಯವರೆಗೆ ಉಳಿಯುತ್ತದೆ. ಆದುದರಿಂದ ಇಂತಹವರಿಗೆ ಹೊಸ ಮನೆಯು ಎಂದೂ ಹಳೆಯದಾಗುವುದಿಲ್ಲ. ರಾಯಚೂರಿನಲ್ಲಿ ಬಚ್ಚಲು ಬಾಗಿಲಿನ ಎಡಕ್ಕೆ, ದೇವದುರ್ಗದಲ್ಲಿ ಅಡಿಗೆಮನೆಯ ಹಿಂದೆ, ಮಾನ್ವಿಯಲ್ಲಿ ಹಿತ್ತಲಲ್ಲಿ. ತಿಂಗಳಿಗೊಮ್ಮೆ ಜಗತ್ತೇ ತಿರುವುಮುರುವಾದಂತೆ ಆಕೆಗೆ ಆಗುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಳವಳ ಹೆಚ್ಚಿ, ಸೀರೆಯೊಂದನ್ನು ಗಂಟು ಕಟ್ಟಿಕೊಂಡು "ನಮ್ಮ ಮನಿಗೆ ಹೋಗ್ತೀನಿ" ಎಂದು ಹೊರಟುನಿಲ್ಲುತ್ತಾಳೆ. ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಸಿಕ್ಕದ ದಿನವನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಮಕ್ಕಳ ನ್ಯಾಯಕ್ಕೆ ಸರಿಯಾಗಿದ್ದ ಪಾಳಿಯು ತಾಯಿಯ ಪಾಲಿಗೆ ಶಿಕ್ಷೆಯಾಯಿತು. ಇದನ್ನು ಕಂಡ ಬೆಂಗಳೂರಿನ ಅಳಿಯಂದಿರು ಹೇಳುತ್ತಾರೆ: ಇಂತಹವರನ್ನು ನೋಡಿಕೊಳ್ಳಲೆಂದೇ ಆಶ್ರಯಧಾಮಗಳಿವೆ, ಅಲ್ಲಿ ಇಡೋಣ.

ಮುಂದಿನ ವಿಚಾರಕ್ಕಿಂತ ಮೊದಲು ಒಂದು ವ್ಯಾವಹಾರಿಕ ಮಾತು. ಮರೆವೆಲ್ಲವೂ ಆಲ್ಜೈಮರ್ ಅಲ್ಲ. ಥೈರಾಯ್ಡ್ ಗ್ರಂಥಿ ಮಂದವಾದರೂ, ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿದರೂ, ಮನಸ್ಸು ಕುಗ್ಗಿದರೂ, ಕೆಲವು ಔಷಧಿಗಳಿಂದಲೂ ಮರೆವು ಬರುತ್ತದೆ. ಬಿ-12 ಜೀವಸತ್ತ್ವದ ಕೊರತೆಯಿಂದಲೂ ಬರುತ್ತದೆ; ಆ ಸತ್ತ್ವವು ಸಸ್ಯಾಹಾರದಲ್ಲಿ ಹಾಲು-ಮೊಸರಿನ ಹೊರತು ಬಹುಮಟ್ಟಿಗೆ ದೊರೆಯದಾದುದರಿಂದ ನಮ್ಮ ಮನೆಗಳ ವೃದ್ಧರು ಇದನ್ನು ಅವಶ್ಯವಾಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಂತಹ ಮರೆವು ಚಿಕಿತ್ಸೆಯಿಂದ ಇಳಿಯಬಹುದು. ರಾಯಚೂರಿನಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ರೋಗವೇನೆಂದು ತಿಳಿಯದೆ ತಾಯಿಯನ್ನು ಎಲ್ಲಿಡಬೇಕೆಂದು ಚರ್ಚಿಸುವುದು ಬೀಜ ನೋಡದೆ ಬಿತ್ತಿದಂತೆ.

ರೋಗ ಅದೇ ಎಂದು ನಿಶ್ಚಯವಾಯಿತೆನ್ನಿರಿ. ಆಗ ಕೊಟ್ಟ ಮಾತು ಎದುರಿಗೆ ಬಂದು ನಿಲ್ಲುತ್ತದೆ. ತಾಯಿಗೆ ಆ ಮಾತು ಇಂದು ನೆನಪಿಲ್ಲ. ಮಾತು ಕೊಟ್ಟ ಮಗನ ಹೆಸರೂ ಒಮ್ಮೊಮ್ಮೆ ನೆನಪಿಲ್ಲ. ಪಡೆದವರು ಮರೆತ ಮಾತು ಕೊಟ್ಟವರನ್ನು ಕಟ್ಟಿಹಾಕುತ್ತದೆಯೆ?

ನಿಮ್ಮ ಅಂಗಡಿಯ ವ್ಯವಹಾರದಿಂದಲೇ ನೋಡಿರಿ. ಹತ್ತಿ ಮಾರಿದ ರೈತನು ಕಾಟಾ ಚೀಟಿಯನ್ನು ಕಳೆದುಕೊಂಡ. ಎಷ್ಟು ಬರಬೇಕೆಂಬುದನ್ನೂ ಮರೆತ. ನಿಮ್ಮ ಕಿರ್ದಿಯಲ್ಲಿ ಮಾತ್ರ ಅವನ ಹೆಸರೂ ಮೊತ್ತವೂ ಇವೆ. ಅವನು ಮರೆತನೆಂದು ಸಾಲ ಹರಿಯಿತೆಂದು ನೀವು ಗೆರೆ ಎಳೆಯುವಿರಾ? ಎಳೆಯಲಾರಿರಿ. ಕೇಳುವವನಿಲ್ಲದ ಸಾಲದಲ್ಲಿ ಇಬ್ಬರ ಲೆಕ್ಕವನ್ನೂ ಒಬ್ಬನೇ ಇಡಬೇಕಾಗುತ್ತದೆ. ತಾಯಿಯ ಮಾತೂ ಹಾಗೆಯೇ. ಆಕೆಯ ಪ್ರತಿಯು ಕಳೆದುಹೋಗಿದೆ, ನಿಮ್ಮ ಪ್ರತಿಯು ನಿಮ್ಮಲ್ಲಿದೆ.

ಆದರೆ ಆ ಸಾಲದ ಒಕ್ಕಣೆಯನ್ನು ಇನ್ನೊಮ್ಮೆ ಓದಬೇಕು. ಆಕೆ ಕೇಳಿದ್ದು ನಾಲ್ಕು ಗೋಡೆಗಳನ್ನಲ್ಲ. ಪರರ ನಡುವೆ ಒಂಟಿಯಾಗದಂತೆ ಇರುವುದನ್ನು. ಇಂದು ತನ್ನ ಮನೆಯಲ್ಲಿದ್ದೂ ಮನೆಗೆ ಹೋಗಬೇಕೆನ್ನುವ ಆಕೆಯನ್ನು ಹಿಂಬದಿಯ ಕೋಣೆಯಲ್ಲಿ ಚಿಲಕ ಹಾಕಿ ಕೂಡಿಸಿ ನೀವು ಅಂಗಡಿಗೆ ಹೋದರೆ, ಮಾತು ಮುರಿದದ್ದು ಮನೆಯೊಳಗೆಯೇ. ಬೇರೆ ಊರಿನ ಒಳ್ಳೆಯ ಆಶ್ರಯಧಾಮದಲ್ಲಿ ಮಕ್ಕಳು ತಪ್ಪದೆ ಬಂದು ಕೈಹಿಡಿದು ಕೂಡುವುದಾದರೆ, ಮಾತು ಅಲ್ಲಿಯೂ ಉಳಿದೀತು. ಈ ತರ್ಕ ನನಗೆ ಸರಿಯೆನಿಸುತ್ತದೆ. ಆದರೂ ಇದನ್ನು ಬರೆಯುವಾಗ ನನಗೆ ಅಂಜಿಕೆ. ಭಾರ ಇಳಿಸಿಕೊಳ್ಳಬೇಕೆಂದು ಹೊರಟವನಿಗೆ ಇದಕ್ಕಿಂತ ಸಿಹಿಯಾದ ತರ್ಕ ಇನ್ನೊಂದಿಲ್ಲ. ಆದುದರಿಂದ ಒಂದು ಪರೀಕ್ಷೆ ಮಾಡಿಕೊಳ್ಳಿರಿ: ಅಂದಿನ ತಾಯಿ, ಪೂರ್ಣ ಎಚ್ಚರದಲ್ಲಿದ್ದ ತಾಯಿ, ಇಂದು ನಿಮ್ಮೆದುರು ಕುಳಿತಿದ್ದರೆ ನಿಮ್ಮ ಕಾರಣಗಳನ್ನು ಆಕೆಯ ಮುಖ ನೋಡಿ ಹೇಳಬಲ್ಲಿರಾ? ಹೇಳಲಾರದ ಕಾರಣವೊಂದು ಉಳಿದರೆ ಅದೇ ನಿಜವಾದ ಕಾರಣವಾಗಿರುವ ಸಂಭವವುಂಟು.

ಇನ್ನೊಂದು ಮಗ್ಗುಲನ್ನೂ ಮರೆಮಾಚಬಾರದು. 'ನಮ್ಮ ಅವ್ವನನ್ನು ನಾವೇ ನೋಡಿಕೊಳ್ಳುತ್ತೇವೆ' ಎಂದು ಗಂಡಸರು ಕಟ್ಟೆಯ ಮೇಲೆ ಕುಳಿತು ಹೇಳುವಾಗ ಆ 'ನಾವು' ಎಂಬ ಶಬ್ದದೊಳಗೆ ಸಾಮಾನ್ಯವಾಗಿ ಒಬ್ಬಳೇ ಇರುತ್ತಾಳೆ, ಮನೆಯ ಸೊಸೆ. ರಾತ್ರಿ ನಾಲ್ಕು ಸಲ ಏಳುವವಳು, ಒದ್ದೆ ಹಾಸಿಗೆ ತೆಗೆಯುವವಳು, ಬಂಗಾರ ಕದ್ದೆ ಎಂಬ ಆರೋಪ ಕೇಳುವವಳು ಅವಳೇ. ಆಣೆ ಮಾಡಿದವನು ಮಗ; ತೀರಿಸುತ್ತಿರುವವಳು ಸೊಸೆ. ಅನ್ಯರ ದುಡಿಮೆಯಿಂದ ತನ್ನ ಮಾತನ್ನು ಉಳಿಸಿಕೊಳ್ಳುವವನು ಧರ್ಮದ ಹೆಸರೆತ್ತುವ ಮೊದಲು ಒಂದು ತಿಂಗಳು ತಾನೇ ರಾತ್ರಿಯ ಪಾಳಿ ಮಾಡಲಿ. ಹಾಗೆ ಮಾಡಿದವನು ತಾಯಿಯನ್ನು ಮನೆಯಲ್ಲಿಟ್ಟುಕೊಂಡರೂ ಸರಿ, ಆಶ್ರಯಧಾಮಕ್ಕೆ ಒಯ್ದರೂ ಸರಿ, ಅವನ ಮಾತಿಗೆ ತೂಕವಿದೆ. 2007ರ ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಹಿರಿಯರನ್ನು ತೊರೆದವರಿಗೆ ಶಿಕ್ಷೆಯನ್ನು ವಿಧಿಸಿದೆ. ರಾತ್ರಿ ಯಾರು ಏಳಬೇಕೆಂಬುದನ್ನು ಅದು ಹೇಳಿಲ್ಲ, ಹೇಳಲೂ ಬಾರದು.

ಒಯ್ಯುವುದೆಂದು ನಿಶ್ಚಯಿಸಿದಿರಿ. ಎಲ್ಲಿಗೆ? ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಹಲವು ತಮ್ಮ ಕೆಲಸವನ್ನು ತಾವು ಮಾಡಿಕೊಳ್ಳಬಲ್ಲವರನ್ನೇ ಸೇರಿಸಿಕೊಳ್ಳುತ್ತವೆ. ಮರೆವಿನ ರೋಗಿಗಳಿಗೆಂದೇ ಇರುವ ಧಾಮಗಳು ದೊಡ್ಡ ನಗರಗಳಲ್ಲಿ ಸೇರಿಕೊಂಡಿವೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟು 2010ರಲ್ಲಿ ಅಂತಹ ಒಂದು ಕೇಂದ್ರವನ್ನು ತೆರೆಯಿತು. ಖಾಸಗಿಯವು ಬೇರೆ ಇವೆ. ರಾಯಚೂರಿನಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ಹೈದರಾಬಾದು ಅದರ ಅರ್ಧದಷ್ಟು. ಆದರೆ ದೂರವನ್ನು ಮೈಲಿಗಲ್ಲಿನಿಂದಷ್ಟೇ ಅಳೆಯಬೇಡಿರಿ. ನಿಜಾಮರ ರಾಜ್ಯದಲ್ಲಿ ಹುಟ್ಟಿದ ನಮ್ಮ ಹಿರಿಯರಿಗೆ ಸಂತೆ-ಕಚೇರಿಗೆ ಸಾಲುವಷ್ಟು ಉರ್ದು, ತೆಲುಗು ಬರುತ್ತಿದ್ದುದುಂಟು. ರೋಗ ಬಲಿತಾಗ ಹೀಗೆ ಆಮೇಲೆ ಕಲಿತ ಭಾಷೆಗಳು ಸಾಮಾನ್ಯವಾಗಿ ಮೊದಲು ಬಿಟ್ಟುಹೋಗಿ ತೊಟ್ಟಿಲ ಭಾಷೆ ಉಳಿಯುತ್ತದೆ. ಬೆಂಗಳೂರಿನ ದಾದಿಯು ಹಿಂದಿಯಲ್ಲಿಯೋ ಮಲಯಾಳದಲ್ಲಿಯೋ ಎಷ್ಟು ಮಮತೆಯಿಂದ ಮಾತನಾಡಿದರೂ "ನೀರಡಿಕೆ ಆಗ್ಯದ" ಎಂಬುದು ಆಕೆಗೆ ತಿಳಿಯದಿದ್ದರೆ ತಾಯಿ ಬಾಯಾರಿಯೇ ಇರುತ್ತಾಳೆ. ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡ ಬಾಯಿ ಮೂರು ಹೊತ್ತು ಅನ್ನ ಕಂಡು ಊಟವೇ ಆಗಿಲ್ಲವೆಂದು ಹಟ ಹಿಡಿದರೆ ಅದನ್ನು ರೋಗದ ಲಕ್ಷಣವೆಂದು ಬರೆದುಕೊಳ್ಳುವವರೂ ಉಂಟು.

ಆದುದರಿಂದ ಧಾಮವನ್ನು ನೋಡಲು ಹೋದಾಗ ಅಮೃತಶಿಲೆಯ ನೆಲವನ್ನು ನೋಡಬೇಡಿರಿ. ಹೇಳದೆ ಕೇಳದೆ ಸಂಜೆ ಆರು ಗಂಟೆಗೆ ಹೋಗಿರಿ, ಕಳವಳ ಏರುವ ಹೊತ್ತು ಅದು. ಅಂಗಳದಲ್ಲಿ ತಿರುಗಾಡಬಯಸುವವರಿಗೆ ಜೊತೆಯಾಗಿ ನಡೆಯುತ್ತಾರೆಯೆ, ಕುರ್ಚಿಗೆ ಕಟ್ಟಿ ಕೂಡಿಸುತ್ತಾರೆಯೆ, ಗುಳಿಗೆ ಕೊಟ್ಟು ಮಲಗಿಸುತ್ತಾರೆಯೆ? ರಾತ್ರಿ ಎಷ್ಟು ಜನರಿಗೆ ಎಷ್ಟು ಮಂದಿ ಎಚ್ಚರವಿರುತ್ತಾರೆ? ಹೆಂಗಸರಿಗೆ ಸ್ನಾನ ಮಾಡಿಸುವವರು ಹೆಂಗಸರೇ ತಾನೆ? ಮಕ್ಕಳು ಯಾವ ಹೊತ್ತಿಗಾದರೂ ಬರಬಹುದೆ? ಕೊನೆಯ ಪ್ರಶ್ನೆಗೆ ತಡವರಿಸುವ ಧಾಮದಿಂದ ಹಿಂತಿರುಗಿ ಬನ್ನಿರಿ.

ನಮ್ಮವರು ಕೇಳಲೇಬೇಕಾದ ಇನ್ನೊಂದು ಮಾತಿದೆ. ಕಳುವಿನ ಭಯದಿಂದ ಧಾಮದವರು ಮೈಮೇಲಿನ ಒಡವೆಗಳನ್ನು ತೆಗೆಸುವುದುಂಟು. ಬೆಳ್ಳಿಯ ಕರಡಿಗೆಯನ್ನೂ ಒಡವೆಯೆಂದೇ ತಿಳಿದು ಬಿಚ್ಚಿಟ್ಟಾರು. ಮದುವೆಗೂ ಮೊದಲಿನಿಂದ ಎದೆಯ ಮೇಲಿದ್ದ ಲಿಂಗವು ಒಂದು ಬೆಳಗ್ಗೆ ಇಲ್ಲವಾದರೆ ಆ ಜೀವಕ್ಕೆ ಏನಾದೀತು! ಬೆಳ್ಳಿಯದನ್ನು ತೆಗೆದು ವಸ್ತ್ರದಲ್ಲಿ ಕಟ್ಟಿ ಹಾಕಿರಿ, ಆದರೆ ಅದು ಕೊರಳಲ್ಲಿರಲೆಂದು ಬರೆಸಿಯೇ ಸೇರಿಸಿರಿ. ಹೆಸರು ಮರೆತವರ ಕೈಗಳೂ ರೂಢಿಯನ್ನು ಮರೆಯುವುದು ಬಹು ತಡವಾಗಿ. ಕೈಯ ರೂಢಿಯನ್ನು ಕಾಯುವ ಭಾಗಗಳು ಮೆದುಳಿನಲ್ಲಿ ಬೇರೆಯೇ ಇವೆಯೆಂದು ವೈದ್ಯರು ಹೇಳುತ್ತಾರೆ. ವಿಭೂತಿಯ ಗಟ್ಟಿಯನ್ನು ಮುಂದಿಟ್ಟರೆ ಬೆರಳುಗಳು ತಾವಾಗಿಯೇ ಹಣೆಗೆ ಹೋದಾವು, ಎಡ ಅಂಗೈ ತಾನಾಗಿಯೇ ತೆರೆದೀತು. ಮಂತ್ರ ಮರೆತ ಪೂಜೆಯು ಪೂಜೆಯಲ್ಲವೆಂದು ಯಾರಾದರೂ ಹೇಳಿದರೆ ಅವರೊಡನೆ ವಾದಿಸಲು ನನಗೆ ಇಚ್ಛೆಯಿಲ್ಲ.

ಹೊರಡುವ ದಿನ ಇನ್ನೊಂದು ಸಂಕಟ. 'ಜಾತ್ರೆಗೆ ಹೋಗಿ ಬರೋಣ' ಎಂದು ಹೇಳಿ ಕರೆದೊಯ್ಯಬಹುದೆ? ನಾಳೆಗೆ ಮರೆಯುವವಳಿಗೆ ಹೇಳಿದ ಸುಳ್ಳು ಸುಳ್ಳೆ? ಗಂಡ ತೀರಿದ್ದನ್ನು ಮರೆತು "ಅವರು ಎಲ್ಲಿ?" ಎಂದು ದಿನವೂ ಕೇಳುವವಳಿಗೆ ದಿನವೂ ಸಾವಿನ ಸುದ್ದಿ ಹೇಳಿ ಹೊಸದಾಗಿ ವಿಧವೆ ಮಾಡುವುದು ಸತ್ಯನಿಷ್ಠೆಯಲ್ಲ, ಕ್ರೌರ್ಯ. ಅಲ್ಲಿ ಮಾತನ್ನು ತಿರುಗಿಸಿ "ಅಪ್ಪನ ಹೊಲ ಎಷ್ಟು ಎಕರೆ ಇತ್ತವ್ವಾ?" ಎಂದು ಕೇಳುವುದು ಮಗನಿಗೆ ಒಪ್ಪುವ ನಡತೆ. ಜಾತ್ರೆಯ ಸುಳ್ಳು ಆ ಜಾತಿಯದಲ್ಲ. ಅದು ಆಕೆಯ ದುಃಖವನ್ನಲ್ಲ, ನಿಮ್ಮ ಮುಜುಗರವನ್ನು ತಪ್ಪಿಸುತ್ತದೆ. "ಅವ್ವಾ, ಇಲ್ಲಿ ನಿನ್ನ ನೋಡಿಕೊಳ್ತಾರ, ನಾ ಬರ್ತಿರ್ತೀನಿ" ಎಂದು ಹೇಳಿರಿ. ತಿಳಿಯದಿದ್ದರೂ ಹೇಳಿರಿ. ಮೊದಲ ಕೆಲವು ರಾತ್ರಿ ಆ ಊರಿನಲ್ಲಿಯೇ ಉಳಿದು ಹಗಲು ಹೋಗಿ ಕೂಡಿರಿ.

ಬಂದು ಹೋದದ್ದೇ ನೆನಪಿರದವರ ಬಳಿ ಹೋಗಿ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಜೈಮರ್ ರೋಗಿಗಳಿಗೆ ಸಂತೋಷದ ಹಾಗೂ ದುಃಖದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ತುಸು ಹೊತ್ತಿನಲ್ಲಿ ನೋಡಿದ್ದೇನೆಂಬುದನ್ನು ಅವರು ಮರೆತರು. ಆದರೆ ಆ ಸಂತೋಷ, ಆ ದುಃಖ ಅರ್ಧ ಗಂಟೆಯಾದರೂ ಉಳಿದಿದ್ದವು. ಕಾರಣ ಅಳಿಸಿದ ಮೇಲೂ ಭಾವ ನಿಲ್ಲುತ್ತದೆ. ನೀವು ರೊಟ್ಟಿ ಮುರಿದು ಉಣ್ಣಿಸಿ ಎದ್ದುಬಂದ ಮೇಲೆ ಆಕೆ ನಿಮ್ಮನ್ನು ಮರೆತರೂ ಆ ಮಧ್ಯಾಹ್ನ ಹಗುರಾಗಿಯೇ ಇರುತ್ತದೆ. ಗದರಿಸಿ ಬಂದರೂ ಇದೇ ನಿಯಮ.

ಆಶ್ರಯಧಾಮವೇ ಬೇಡವೆಂದು ಮೂವರೂ ನಿರ್ಧರಿಸಿದರೆ, ಪಾಳಿಯನ್ನು ತಿರುಗಿಸಿರಿ. ತಾಯಿ ದೇವದುರ್ಗದ ಹಳೆಯ ಮನೆಯಲ್ಲಿಯೇ ಇರಲಿ. ಆಕೆಯ ಕಾಲಿಗೆ ಪರಿಚಯವಿರುವ ಹೊಸ್ತಿಲು ಅದೊಂದೇ. ತಿಂಗಳಿಗೆ ಹತ್ತು ದಿನ ರಾಯಚೂರಿನ ಮಗ, ಹತ್ತು ದಿನ ಮಾನ್ವಿಯ ಮಗ ಅಲ್ಲಿಗೆ ಬಂದು ರಾತ್ರಿ ಮಲಗಲಿ. ಉಳಿದ ಹತ್ತು ದಿನ ನಡುವಣವನದು. ಕೆಲಸಕ್ಕೊಬ್ಬ ಹೆಣ್ಣುಮಗಳನ್ನು ಸಂಬಳಕ್ಕೆ ಇಟ್ಟು ಮೂವರೂ ಸಮನಾಗಿ ಕೊಡಲಿ. ಆಶ್ರಯಧಾಮವೇ ಆದರೂ ಇದೇ ಪಾಳಿ ನಡೆಯಲಿ: ಈ ವಾರ ರಾತ್ರಿಯ ರೈಲಿಗೆ ಹಿರಿಯ, ಬರುವ ವಾರ ಕಿರಿಯ, ಅದರ ಮುಂದಿನ ವಾರ ನಡುವಣ. ಸುಗ್ಗಿ ಬಂತು, ಗಂಜಿನಲ್ಲಿ ಮಾಲು ಬಿದ್ದಿದೆ ಎಂಬ ನೆಪ ಬಂದಾಗ ಪಾಳಿ ತಪ್ಪಿದವನು ಯಾರೆಂಬುದನ್ನು ಬರೆದಿಡಲು ಮನೆಯಲ್ಲೊಂದು ಕಿರ್ದಿಯಿರಲಿ.