ಮೊಬೈಲಿನೊಳಗಿನ ಇಡುಗಂಟು



ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಸತ್ಯಾಣುವ್ರತದ 5 ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ರಹೋಭ್ಯಾಖ್ಯಾನವೆಂದರೆ ಪರರ ಏಕಾಂತದ ವಿಷಯವನ್ನು ಬಯಲು ಮಾಡುವುದು. ನ್ಯಾಸಾಪಹಾರವೆಂದರೆ ನಂಬಿ ಇಟ್ಟ ಇಡುಗಂಟಿನಲ್ಲಿ ವಂಚಿಸುವುದು.

ದೊಡ್ಡ ಕಂಪನಿಗಳು ನಮ್ಮ ಗುಟ್ಟನ್ನು ಸಂಗ್ರಹಿಸುತ್ತವೆಯೆಂದು ದೂರುತ್ತೇವೆ. ದೂರು ನ್ಯಾಯವಾದುದೇ, ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಆದರೆ ಹೊಸ ಆ್ಯಪ್ ನಮ್ಮ ಫೋನಿನ ಸಂಪರ್ಕಪಟ್ಟಿಯನ್ನು ಬೇಡಿದಾಗ ‘ಅನುಮತಿಸು’ ಎಂದು ಒತ್ತುವ ಬೆರಳು ಯಾರದು? ಅಲ್ಲಿರುವ ಹೆಸರು, ಸಂಖ್ಯೆಗಳು ನಮ್ಮ ಸ್ವತ್ತಲ್ಲ. ಬಂಧುಮಿತ್ರರು ನಂಬಿ ಇಟ್ಟ ನ್ಯಾಸ. ನಾನೂ ಹಾಗೆ ಒತ್ತಿದವನೇ; ಪ್ರತಿಕ್ರಮಣದಲ್ಲಿ ಅದಕ್ಕಾಗಿ ಆತ್ಮನಿಂದೆ ಮಾಡಿಕೊಂಡಿದ್ದೇನೆ.

ಅಷ್ಟಮಿ, ಚತುರ್ದಶಿಗಳಂದು ಅನ್ನವನ್ನು ತ್ಯಜಿಸುವ ನಾವು, ಅಂದೇ ಇಂಥ ಅನುಮತಿಗಳನ್ನೂ ಹಿಂತೆಗೆದುಕೊಳ್ಳೋಣ. ಪರರ ನಂಬಿಕೆಯನ್ನು ಕಾಯದ ಉಪವಾಸವು ಬರಿಯ ಹಸಿವು.